ಹೊರಮೈಯ ಅಳತೆಯಿಂದ ಪೈಪಿನ ಒಳಮೈಯನ್ನು ನಿರ್ಣಯಿಸಬಹುದೇ?

ನೀವು ಕೇಳಿರುವುದು: 10 ಮಿ.ಮೀ. ದಪ್ಪದ 304 ಸ್ಟೇನ್‌ಲೆಸ್ ಸ್ಟೀಲ್ ಪೈಪಿನ ಸುತ್ತುಬೆಸುಗೆಯ ಪಕ್ಕದಲ್ಲಿ, ಹೊರಗಿನಿಂದ ರಂಧ್ರ ಕೊರೆದು ಅಳೆದಾಗ ಅಕ್ಷದ (ಪೈಪಿನ ಉದ್ದದ) ದಿಕ್ಕಿನಲ್ಲಿ ಕುಗ್ಗಿಸುವ ಉಳಿಕೆ ಒತ್ತಡ, ಅಂದರೆ ಬೆಸುಗೆಯ ನಂತರ ಲೋಹದೊಳಗೇ ಉಳಿದ ಒತ್ತಡ, ಕಂಡಿದೆ. ಹಾಗಾದರೆ ಒಳಮೈ ಸುರಕ್ಷಿತವೇ? ಹಾಗೆ ತೀರ್ಮಾನಿಸಬೇಡಿ. ತೆಳುಗೋಡೆಯ ಪೈಪಿನಲ್ಲಿ ಬೆಸುಗೆ ತಣಿಯುತ್ತಾ ಸುತ್ತಳತೆಯಲ್ಲಿ ಕುಗ್ಗಿ, ಬಿಗಿದ ಪಟ್ಟಿಯಂತೆ ಗೋಡೆಯನ್ನು ಒಳಕ್ಕೆ ಬಾಗಿಸುವುದರಿಂದ, ಹೊರಮೈಯಲ್ಲಿ ಕುಗ್ಗಿಸುವ ಒತ್ತಡವಿದ್ದಾಗ ಒಳಮೈಯಲ್ಲಿ ಸಾಮಾನ್ಯವಾಗಿ ಎಳೆತವೇ ಇರುತ್ತದೆ. ಕುದಿನೀರಿನ ಪರಮಾಣು ರಿಯಾಕ್ಟರುಗಳ 304 ಪೈಪುಗಳಲ್ಲಿ ಬೆಸುಗೆಯ ಪಕ್ಕದ ಬಿರುಕುಗಳು ಒಳಗಿನಿಂದಲೇ ಆರಂಭವಾದುದಕ್ಕೆ ಈ ಎಳೆತವೂ ಒಂದು ಕಾರಣ.

ಇನ್ನು ವಿಧಾನದ ಮಿತಿ. ಸುಮಾರು 2 ಮಿ.ಮೀ. ವ್ಯಾಸದ ರಂಧ್ರವು ಮೇಲ್ಮೈಯಿಂದ ಸುಮಾರು 1 ಮಿ.ಮೀ. ಆಳದವರೆಗಿನ ಒತ್ತಡವನ್ನಷ್ಟೇ ತಿಳಿಸುತ್ತದೆ. ಒತ್ತಡವು ಉಕ್ಕಿನ ಇಳುವರಿ ಮಿತಿಯನ್ನು (ಲೋಹ ಶಾಶ್ವತವಾಗಿ ವಿರೂಪಗೊಳ್ಳತೊಡಗುವ ಒತ್ತಡವನ್ನು) ಸಮೀಪಿಸಿದರೆ, ರಂಧ್ರದ ಅಂಚಿನಲ್ಲಿ ಲೋಹ ಶಾಶ್ವತವಾಗಿ ವಿರೂಪಗೊಂಡು ಲೆಕ್ಕ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ರಂಧ್ರದ ಸುತ್ತಲಿನ ವಿರೂಪವನ್ನು ಅಳೆಯುವ ಗೇಜ್ ಅಂಟಿಸುವ ಮುನ್ನ ಗ್ರೈಂಡರ್ ಬಳಸಿದ್ದರೆ, ನೀವು ಅಳೆದದ್ದು ಬಹುಮಟ್ಟಿಗೆ ಗ್ರೈಂಡರ್ ಉಂಟುಮಾಡಿದ ಒತ್ತಡವೇ ಆಗಿರಬಹುದು.

ಎಕ್ಸ್-ಕಿರಣ ವಿಧಾನ ಕೆಲವೇ ಮೈಕ್ರಾನ್ ಆಳ ನೋಡುತ್ತದೆ, ಬೆಸುಗೆಯ ದಪ್ಪ ಹರಳುಗಳು ಅದನ್ನು ಇನ್ನಷ್ಟು ತೊಡಕಾಗಿಸುತ್ತವೆ. ಗೋಡೆಯ ಪೂರ್ಣ ದಪ್ಪದ ಚಿತ್ರ ಬೇಕಿದ್ದರೆ ಲೋಹದೊಳಕ್ಕೆ ಆಳವಾಗಿ ಹೋಗುವ ನ್ಯೂಟ್ರಾನ್ ಕಿರಣಗಳಿಂದ ಅಳೆಯುವ ನ್ಯೂಟ್ರಾನ್ ವಿವರ್ತನೆ ಸೂಕ್ತ; ಪೈಪನ್ನು ಕಳೆದುಕೊಳ್ಳಲು ಸಿದ್ಧರಿದ್ದರೆ ವೈರ್ ಇ.ಡಿ.ಎಂ.ನಿಂದ (ತೆಳುತಂತಿಯ ವಿದ್ಯುತ್ ಕಿಡಿಗಳಿಂದ ಲೋಹ ಕತ್ತರಿಸುವ ಯಂತ್ರದಿಂದ) ಕತ್ತರಿಸಿ, ಕತ್ತರಿಸಿದ ಮೈಯ ಏರುತಗ್ಗುಗಳನ್ನು ಅಳೆಯುವ ಕಾಂಟೂರ್ ವಿಧಾನವೂ ಆಗುತ್ತದೆ. ಉದ್ದಕ್ಕೆ ಸೀಳಿದೊಡನೆ ಪೈಪು ಎಷ್ಟು ತೆರೆದುಕೊಂಡಿತು ಅಥವಾ ಮುಚ್ಚಿಕೊಂಡಿತು ಎಂಬುದನ್ನು ಮಾತ್ರ ತಪ್ಪದೆ ದಾಖಲಿಸಿ. ಆಗ ಬಿಡುಗಡೆಯಾದ ಬಾಗುವಿಕೆಯ ಒತ್ತಡವನ್ನು ಅಂತಿಮ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.