ಘಟ್ಟ ಇಳಿಯುವಾಗ ಬ್ರೇಕ್ ಕೈಕೊಡುವುದೇಕೆ?

ಕೊಡಗಿನ ರಸ್ತೆಗಳಲ್ಲಿ ಹೆಚ್ಚುತ್ತಿರುವ ಕಾರು ಅಪಘಾತಗಳ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಡಿಕೇರಿಯಿಂದ ಸುಳ್ಯದ ಕಡೆ ಇಳಿಯುವಾಗ ಸಂಪಾಜೆ ಬರುವಷ್ಟರಲ್ಲಿ ಚಕ್ರದಿಂದ ಸುಟ್ಟ ವಾಸನೆ ಬರುತ್ತದೆ. ಒಮ್ಮೆ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೇ ಹೋಯಿತು. ಹೊಸ ಪ್ಯಾಡ್ ಹಾಕಿಸಿದರೂ ವಾಸನೆ ಹೋಗಿಲ್ಲ. ಡೀಸೆಲ್ ಉಳಿಯಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲಿ ಬಿಡುವ ಅಭ್ಯಾಸವಿದೆ. ಅದರಿಂದ ತೊಂದರೆಯೇ?
– ಓದುಗರು, ಸುಂಟಿಕೊಪ್ಪ

ಉತ್ತರ: ತೊಂದರೆಯ ಮೂಲವೇ ಅದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಂಪಾಜೆ ಮುಟ್ಟುವಾಗ ಅದರಲ್ಲಿ ಬಹುಪಾಲು ಇಳಿದಿರುತ್ತೀರಿ. ನ್ಯೂಟ್ರಲ್‌ನಲ್ಲಿ ಎಂಜಿನ್ ಕಾರನ್ನು ಹಿಡಿಯುವುದಿಲ್ಲ, ಅಷ್ಟೂ ಭಾರವನ್ನು ಬ್ರೇಕ್ ಒಂದೇ ತಡೆಯಬೇಕು. ಪ್ಯಾಡ್ ಕಾದು ವಾಸನೆ ಬರುವುದು ಮೊದಲ ಹಂತ. ಆ ಶಾಖ ಬ್ರೇಕ್ ಆಯಿಲ್‌ಗೆ ತಲುಪಿ ಅದು ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳಾಗುತ್ತವೆ. ಆಗ ಪೆಡಲ್ ತುಳಿದರೆ ಗುಳ್ಳೆಗಳು ಕುಗ್ಗುತ್ತವೆಯೇ ಹೊರತು ಒತ್ತಡ ಚಕ್ರಕ್ಕೆ ಹೋಗುವುದಿಲ್ಲ. ನಿಮ್ಮ ಪೆಡಲ್ ಕೆಳಗೆ ಹೋದದ್ದು ಬಹುಶಃ ಹೀಗೆಯೇ. ಆದರೆ ಆಯಿಲ್ ಸೋರಿಕೆಯಿದ್ದರೂ, ಪೆಡಲ್ ಒತ್ತಡವನ್ನು ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಕೆಟ್ಟಿದ್ದರೂ ಇದೇ ಲಕ್ಷಣ ಕಾಣುತ್ತದೆ. ಎರಡನ್ನೂ ನೋಡಿಸದೆ ಇನ್ನೊಮ್ಮೆ ಘಟ್ಟ ಇಳಿಯಬೇಡಿ.

ಪ್ಯಾಡ್ ಹೊಸದಾದರೂ ಆಯಿಲ್ ಹಳೆಯದೇ ಉಳಿದಿರಬಹುದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ಕೇಳಲೇಬೇಡಿ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಸೇರಿದ ಆಯಿಲ್‌ಗೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಹಳೆಯದನ್ನು ಪೂರ್ತಿ ಹೊರತೆಗೆದು, ಏರ್ ತೆಗೆಸಿ ಹೊಸದು ತುಂಬಿಸಿ. ಡಬ್ಬಿಯಲ್ಲಿ ಕಡಿಮೆಯಾದಷ್ಟನ್ನು ಮೇಲಿಂದ ಸುರಿದರೆ ಸಾಲದು.

ಇಳಿಯುವ ಕ್ರಮ ಹೀಗಿರಲಿ. ಇಳಿಜಾರು ಶುರುವಾಗುವ ಮೊದಲೇ ಮೂರನೇ ಗೇರಿಗೆ ಬನ್ನಿ, ಕಡಿದಾದ ತಿರುವುಗಳಿದ್ದರೆ ಎರಡಕ್ಕೆ. ಬ್ರೇಕ್ ಮುಟ್ಟದೆಯೇ ಕಾರು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಇಳಿಯುತ್ತಿದ್ದರೆ ಗೇರ್ ಸರಿಯಿದೆ. ಆಟೊಮ್ಯಾಟಿಕ್ ಕಾರಿನಲ್ಲಿ ‘ಎಲ್’ (ಲೋ ಗೇರ್) ಅಥವಾ ಮ್ಯಾನ್ಯುವಲ್ ಮೋಡ್ ಇರುವುದು ಇಂಥ ಜಾಗಕ್ಕೇ. ಬ್ರೇಕ್ ಬೇಕಾದಾಗ ಗಟ್ಟಿಯಾಗಿ ತುಳಿದು ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಪಾದ ಸದಾ ಪೆಡಲ್ ಮೇಲೆ ಒರಗಿದ್ದರೆ ಡಿಸ್ಕ್ ತಣಿಯಲು ಸಮಯವೇ ಸಿಗದು. ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡಿ. ಕಾದ ಡಿಸ್ಕ್ ಮೇಲೆ ನೀರು ಸುರಿಯಲೇಬೇಡಿ, ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು.

ಡೀಸೆಲ್ ಉಳಿತಾಯದ ಲೆಕ್ಕವೂ ತಪ್ಪು. ಈಗಿನ ಕಾರುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನು ಪೂರ್ತಿ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಡೀಸೆಲ್ ಉರಿಯುತ್ತಲೇ ಇರುತ್ತದೆ. ಕೀ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಅದು ಪ್ರಾಣಕ್ಕೇ ಸಂಚಕಾರ. ಎರಡು ಮೂರು ಸಲ ತುಳಿದ ಮೇಲೆ ಬ್ರೇಕ್ ಕಲ್ಲಿನಂತಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ, ಕೀ ಪೂರ್ತಿ ತಿರುಗಿಸಿದ್ದರೆ ಲಾಕ್ ಕೂಡ ಆಗಬಹುದು.

ಬ್ರೇಕ್ ಹಿಡಿಯದೇ ಹೋದರೆ ಪೆಡಲನ್ನು ಬೇಗಬೇಗನೆ ಒತ್ತಿ ಬಿಡಿ, ಗೇರನ್ನು ಒಂದೊಂದಾಗಿ ಇಳಿಸಿ, ಹ್ಯಾಂಡ್ ಬ್ರೇಕನ್ನು ಅದರ ಗುಂಡಿ ಒತ್ತಿಕೊಂಡೇ ಸ್ವಲ್ಪಸ್ವಲ್ಪವಾಗಿ ಎಳೆಯಿರಿ. ಬೇರೆ ದಾರಿಯೇ ಇಲ್ಲದಿದ್ದರೆ ಗುಡ್ಡದ ಬರೆಯ ಕಡೆಗೆ ಓರೆಯಾಗಿ ಉಜ್ಜಿಸಿ ನಿಲ್ಲಿಸಿ. ಬಾಡಿ ಹಾಳಾದರೆ ಆಗಲಿ, ಪ್ರಪಾತದ ಕಡೆ ಮಾತ್ರ ಹೋಗಬಾರದು.

ಪ್ರಶ್ನೆ: ಮಾಕುಟ್ಟ ರಸ್ತೆಯ ಇಕ್ಕಟ್ಟಿನಲ್ಲಿ ಎದುರುಬದುರಾದಾಗ ಯಾರು ದಾರಿ ಬಿಡಬೇಕು?
– ಓದುಗರು, ವಿರಾಜಪೇಟೆ

ಉತ್ತರ: ಏರಿ ಬರುವ ವಾಹನಕ್ಕೆ ಮೊದಲ ಹಕ್ಕು, ಇಳಿಯುವವರು ನಿಲ್ಲಬೇಕು. ತಿರುವಿನಲ್ಲಿ ಬಸ್ಸೋ ಲಾರಿಯೋ ಕಂಡರೆ ತಿರುವಿಗೆ ಮುಂಚೆಯೇ ನಿಂತುಬಿಡಿ. ತಿರುಗಲು ಅವಕ್ಕೆ ಇಡೀ ರಸ್ತೆ ಬೇಕು.

ಪ್ರಶ್ನೆ: ಬಸ್ಸಿಗೆ ದಾರಿ ಬಿಡಲು ಎಡಕ್ಕೆ ಸರಿದಾಗ ಚಕ್ರ ಡಾಂಬರಿನಿಂದ ಕೆಳಗಿಳಿಯಿತು. ಮೇಲೆ ಹತ್ತಿಸಲು ಹೋದರೆ ಕಾರು ಇದ್ದಕ್ಕಿದ್ದಂತೆ ರಸ್ತೆಯ ಬಲಕ್ಕೆ ನುಗ್ಗಿತು. ಏಕೆ?
– ಓದುಗರು, ಶನಿವಾರಸಂತೆ

ಉತ್ತರ: ಮಳೆಗೆ ರಸ್ತೆ ಬದಿಯ ಮಣ್ಣು ಕೊಚ್ಚಿಹೋಗಿ ಡಾಂಬರಿನ ಅಂಚು ಮೂರು ನಾಲ್ಕು ಇಂಚು ಎದ್ದು ನಿಂತಿರುತ್ತದೆ. ಕೆಳಗಿಳಿದ ಟೈರಿನ ಪಕ್ಕೆ ಆ ಅಂಚಿಗೆ ಉಜ್ಜುತ್ತದೆಯೇ ವಿನಾ ಹತ್ತುವುದಿಲ್ಲ. ಹತ್ತಲಿಲ್ಲವೆಂದು ನಾವು ಸ್ಟೀರಿಂಗನ್ನು ಇನ್ನಷ್ಟು ಬಲಕ್ಕೆ ತಿರುಗಿಸುತ್ತೇವೆ. ಟೈರು ಹಠಾತ್ತನೆ ಮೇಲೇರಿದಾಗ ಚಕ್ರ ವಿಪರೀತ ತಿರುಗಿರುವುದರಿಂದ ಕಾರು ಎದುರಿನ ವಾಹನದ ಮುಂದಕ್ಕೇ ಹಾರುತ್ತದೆ. ನೇರ ರಸ್ತೆಯಲ್ಲೂ ಮುಖಾಮುಖಿ ಡಿಕ್ಕಿಯಾಗಲು ಇದೊಂದು ಕಾರಣ, ಇದರ ಬಗ್ಗೆ ಮಾತಾಡುವವರು ಕಡಿಮೆ.

ಚಕ್ರ ಕೆಳಗಿಳಿದರೆ ಇಳಿದಿರಲಿ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ, ಜೋರಾಗಿ ಬ್ರೇಕ್ ಹಾಕಬೇಡಿ. ಮುಂದೆ ಮೋರಿ ಅಥವಾ ಚರಂಡಿ ಕಂಡರೆ ಮಾತ್ರ ನೇರವಾಗಿಯೇ ನಿಲ್ಲಿಸಿ. ವೇಗ 20 ಕಿ.ಮೀ.ಗಿಂತ ಕೆಳಗೆ ಬಂದ ಮೇಲೆ, ಎದುರಿಗೆ ಯಾರೂ ಇಲ್ಲದಾಗ, ಅಂಚು ತಗ್ಗಿರುವ ಕಡೆ ಮೆಲ್ಲಗೆ ಹತ್ತಿಸಿ. ಆಮೇಲೆ ಟೈರಿನ ಪಕ್ಕೆ ಸವರಿ ನೋಡಿ. ಉಬ್ಬು ಕೈಗೆ ಸಿಕ್ಕರೆ ಒಳಗಿನ ನೂಲು ಹರಿದಿದೆ ಎಂದರ್ಥ, ಟೈರು ಬದಲಿಸಲೇಬೇಕು.

ಪ್ರಶ್ನೆ: ದಟ್ಟ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಒಳ್ಳೆಯದೇ? ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಬಹುದೇ?
– ಓದುಗರು, ಮಡಿಕೇರಿ

ಉತ್ತರ: ಎರಡೂ ಬೇಡ. ಹೈ ಬೀಮ್ ಬೆಳಕು ಮಂಜಿನ ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಡಿಪ್ ಹಾಕಿ, ಫಾಗ್ ಲೈಟ್ ಇದ್ದರೆ ಅದನ್ನೂ ಹಾಕಿ. ನಾಲ್ಕೂ ಇಂಡಿಕೇಟರ್ ಮಿನುಗುತ್ತಿದ್ದರೆ ನೀವು ಯಾವ ಕಡೆ ತಿರುಗುತ್ತೀರೋ ಹಿಂದಿನವರಿಗೆ ತಿಳಿಯದು. ಅದು ನಿಂತ ವಾಹನಕ್ಕೆ. ಒದ್ದೆ ರಸ್ತೆಯಲ್ಲಿ 40 ಕಿ.ಮೀ. ವೇಗದ ಕಾರು ನಿಲ್ಲಲು, ಚಾಲಕ ಎಚ್ಚೆತ್ತುಕೊಳ್ಳುವ ಹೊತ್ತೂ ಸೇರಿ, ಸುಮಾರು 30 ಮೀಟರ್ ಬೇಕು. 20 ಮೀಟರ್ ಮಾತ್ರ ಕಾಣುತ್ತಿದ್ದರೆ ಆ ವೇಗವೂ ಅತಿಯಾಯಿತು.

ಪ್ರಶ್ನೆ: ಶನಿವಾರ, ಭಾನುವಾರ ಪ್ರವಾಸಿಗರ ವಾಹನಗಳು ಬೆನ್ನಿಗಂಟಿಕೊಂಡೇ ಬರುತ್ತವೆ. ಏನು ಮಾಡಲಿ?
– ಓದುಗರು, ಕುಶಾಲನಗರ

ಉತ್ತರ: ನಿಮ್ಮ ಮುಂದಿನ ಅಂತರ ಹೆಚ್ಚಿಸಿ. ಮುಂದಿನ ಕಾರು ಒಂದು ಕಂಬ ದಾಟಿದ ಎರಡು ಸೆಕೆಂಡಿನ ನಂತರ ನೀವು ಆ ಕಂಬ ದಾಟಬೇಕು, ಮಳೆಯಲ್ಲಿ ನಾಲ್ಕು ಸೆಕೆಂಡು. ಆಗ ನೀವು ನಿಧಾನವಾಗಿ ಬ್ರೇಕ್ ಹಾಕಬಹುದು, ಹಿಂದಿನವನಿಗೂ ಸಮಯ ಸಿಗುತ್ತದೆ. ಅಗಲ ಜಾಗ ಸಿಕ್ಕಾಗ ಎಡಕ್ಕೆ ಸರಿದು ಅವನನ್ನು ಮುಂದೆ ಬಿಡಿ.

ಪ್ರಶ್ನೆ: ಅಪಘಾತವಾದವರಿಗೆ ಸಹಾಯ ಮಾಡಲು ಹೋದರೆ ಪೊಲೀಸ್, ಕೋರ್ಟು ಎಂದು ಅಲೆಯಬೇಕೇ?
– ಓದುಗರು, ಗೋಣಿಕೊಪ್ಪ

ಉತ್ತರ: ಬೇಕಿಲ್ಲ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಸದುದ್ದೇಶದಿಂದ ನೆರವಾದವರನ್ನು ರಕ್ಷಿಸುತ್ತದೆ. ನಿಮ್ಮ ಹೆಸರು, ವಿಳಾಸ ಕೊಡಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. 112 ಅಥವಾ 108ಕ್ಕೆ ಕರೆಮಾಡಿ, ಹತ್ತಿರದ ಊರಿನ ಜತೆಗೆ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ಹೇಳಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿಹಿಡಿಯಿರಿ, ನೀರು ಕುಡಿಸಬೇಡಿ. ಬೆಂಕಿಯ ಭಯವಿಲ್ಲದಿದ್ದರೆ ಗಾಯಾಳುವನ್ನು ಕಾರಿನಿಂದ ಎಳೆದು ಹಾಕಬೇಡಿ, ಕತ್ತಿನ ಮೂಳೆಗೆ ಪೆಟ್ಟಾಗಿರಬಹುದು. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಡಿ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಮನೆಯವರಿಗೆ ಇದನ್ನು ತಿಳಿಸಿ. ಅಪಘಾತ ತಿರುವಿನಲ್ಲಾಗಿದ್ದರೆ ಎಚ್ಚರಿಕೆಯ ತ್ರಿಕೋನವನ್ನು ಕಾರಿನ ಪಕ್ಕದಲ್ಲಿಡದೆ, ತಿರುವಿಗೆ ಮುಂಚೆ, ಬರುವವರಿಗೆ ದೂರದಿಂದಲೇ ಕಾಣುವಲ್ಲಿ ಇಡಿ.