ಮನೆಯ ವೈರಿಂಗ್ ಕೆಲಸಕ್ಕೆ ಹತ್ತಿರದ ಎಲೆಕ್ಟ್ರಿಷಿಯನ್‌ನನ್ನು ಆರಿಸುವುದು ಹೇಗೆ? ಏನೇನು ವಿಚಾರಿಸಬೇಕು?

ನೀವು ಕೇಳಿದ್ದು ಇಷ್ಟು: ಮನೆ ಹಳೆಯದು, ಬಚ್ಚಲಿಗೆ ಹೊಸ ಗೀಸರ್ ಲೈನ್ ಎಳೆಸಬೇಕು, ಅಡುಗೆಮನೆಯ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಆಗಾಗ ಬೀಳುತ್ತದೆ, ಗೊತ್ತಿರುವ ಮೂವರು ಎಲೆಕ್ಟ್ರಿಷಿಯನ್‌ಗಳಲ್ಲಿ ಯಾರನ್ನು ಕರೆಸಬೇಕು? ಮೀಟರ್ ಹಿಡಿದು ಅಳೆದ ಮೇಲೆ ಮಾತಾಡುವವರನ್ನು ಕರೆಸಿ ಎನ್ನುತ್ತೇನೆ. ಅಂಥವರನ್ನು ಗುರುತಿಸಲು ನಿಮ್ಮ ಎಂಸಿಬಿ ಸಮಸ್ಯೆಯೇ ಸಾಕು.

ಮೂವರಿಗೂ ಫೋನ್ ಮಾಡಿ ಅದನ್ನು ಹೇಳಿ. "ಹದಿನಾರು ಆಂಪಿಯರ್ ತೆಗೆದು ಮೂವತ್ತೆರಡರದ್ದು ಹಾಕಿದರೆ ಆಯ್ತು" ಎಂದವರನ್ನು ಅಲ್ಲಿಗೇ ಬಿಡಿ. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಪಾಡಲು. 2.5 ಚದರ ಮಿ.ಮೀ. ತಾಮ್ರದ ವೈರು ಪೈಪಿನೊಳಗೆ ಸುಮಾರು 20 ಆಂಪಿಯರ್ ತಾಳುತ್ತದೆ. ಅದಕ್ಕೆ 32ರ ಎಂಸಿಬಿ ಹಾಕಿದರೆ ಎಂಸಿಬಿ ಬೀಳುವುದಿಲ್ಲ, ವೈರಿನ ಪಿವಿಸಿ ಹೊದಿಕೆ ಬೇಯುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆಯ ಮಿತಿ 70 ಡಿಗ್ರಿ ಸೆಲ್ಸಿಯಸ್.

ಕೆಲಸ ಬಲ್ಲವರು ಮೊದಲು ಕೇಳುವುದು "ಯಾವಾಗ ಬೀಳುತ್ತದೆ?" ಎಂದು. ಸ್ವಿಚ್ ಹಾಕಿದ ಕ್ಷಣವೇ ಬಿದ್ದರೆ ಶಾರ್ಟ್. ಸ್ವಲ್ಪ ಹೊತ್ತು ಓಡಿ ಬಿದ್ದರೆ ಓವರ್‌ಲೋಡ್, ಇಲ್ಲವೇ ಎಂಸಿಬಿಯ ಸ್ಕ್ರೂ ಸಡಿಲವಾಗಿ ಅಲ್ಲೇ ಬಿಸಿಯಾಗುತ್ತಿದೆ. 2000 ವ್ಯಾಟ್ ಇಂಡಕ್ಷನ್ ಒಲೆ, 1500ರ ಕೆಟಲ್, 1200ರ ಮೈಕ್ರೋವೇವ್ ಒಟ್ಟಿಗೆ ಓಡಿದರೆ 4700 ವ್ಯಾಟ್. 230 ವೋಲ್ಟ್‌ನಲ್ಲಿ 20 ಆಂಪಿಯರ್ ದಾಟಿತು. 16ರ ಎಂಸಿಬಿ ಇಷ್ಟಕ್ಕೆ ತಕ್ಷಣ ಬೀಳುವುದಿಲ್ಲ, ಒಳಗಿನ ಲೋಹದ ಪಟ್ಟಿ ಕಾದ ಮೇಲೆ ಬೀಳುತ್ತದೆ. ಹಾಗಿದ್ದರೆ ಪರಿಹಾರ ಇಂಡಕ್ಷನ್ ಒಲೆಗೆ ಡಿಬಿಯಿಂದ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆಯಿಂದ, ಬೇರೆ ಲೈನ್.

ಬೀಳುತ್ತಿರುವುದು ಆರ್‌ಸಿಸಿಬಿ ಆಗಿದ್ದರೆ, ಅಂದರೆ ಟೆಸ್ಟ್ ಬಟನ್ ಇರುವ ಅಗಲದ ಸ್ವಿಚ್ಚಾಗಿದ್ದರೆ, ಕಥೆಯೇ ಬೇರೆ. ಅದು ಲೋಡ್ ನೋಡುವುದಿಲ್ಲ, ಕರೆಂಟ್ ಬೇರೆ ದಾರಿಯಲ್ಲಿ ಸೋರುತ್ತಿದೆಯೇ ಎಂದು ನೋಡುತ್ತದೆ. 30 ಮಿಲಿಆಂಪಿಯರ್‌ನದ್ದು ಮನುಷ್ಯನ ಪ್ರಾಣ ಉಳಿಸಲೆಂದೇ ಇರುವುದು. ಎಲ್ಲ ಎಂಸಿಬಿ ಇಳಿಸಿ, ಒಂದೊಂದಾಗಿ ಏರಿಸಿ, ಯಾವ ಲೈನಿನಲ್ಲಿ ಬೀಳುತ್ತದೆಂದು ನೋಡುವುದು ಎಲ್ಲರಿಗೂ ಗೊತ್ತು. ಆದರೆ ಎಲ್ಲೋ ನ್ಯೂಟ್ರಲ್ ವೈರು (ಕರೆಂಟ್ ಮರಳುವ ವೈರು) ಅರ್ಥ್‌ಗೆ ತಾಗಿದ್ದರೆ ಈ ಉಪಾಯ ಕೈಕೊಡುತ್ತದೆ, ಏಕೆಂದರೆ ಒಂಟಿ ಪೋಲ್ ಎಂಸಿಬಿ ಕರೆಂಟ್ ಬರುವ ವೈರನ್ನು, ಅಂದರೆ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಜೋಡಿಕೊಂಡೇ ಇರುತ್ತದೆ. ಆಗ ಮೇನ್ ಆಫ್ ಮಾಡಿ, ಎಲ್ಲ ನ್ಯೂಟ್ರಲ್‌ಗಳು ಸೇರುವ ಪಟ್ಟಿಯಿಂದ (ನ್ಯೂಟ್ರಲ್ ಲಿಂಕ್) ವೈರುಗಳನ್ನು ಒಂದೊಂದಾಗಿ ಬಿಚ್ಚಿ ಅಳೆಯಬೇಕು. ಒಂದು ಲೈನಿನ ನ್ಯೂಟ್ರಲ್ಲನ್ನು ಇನ್ನೊಂದಕ್ಕೆ ಸಾಲ ಕೊಟ್ಟಿದ್ದರೂ ಹೀಗೇ ಬೀಳುತ್ತಿರುತ್ತದೆ, ಹಳೆಯ ಮನೆಗೆ ಹೊಸದಾಗಿ ಆರ್‌ಸಿಸಿಬಿ ಹಾಕಿಸಿದಾಗ ಇದು ತೀರಾ ಸಾಮಾನ್ಯ. ಹುಡುಕುವ ತಾಳ್ಮೆ ಇಲ್ಲದವರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ "ಸರಿಹೋಯ್ತು" ಎನ್ನುತ್ತಾರೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ.

ಬಂದವರ ಚೀಲದಲ್ಲಿ ಏನಿದೆ ನೋಡಿ. ಸ್ಕ್ರೂಡ್ರೈವರ್ ಟೆಸ್ಟರ್ ಒಂದೇ ಇದ್ದರೆ ಸಾಲದು. ನ್ಯೂಟ್ರಲ್ ತುಂಡಾದಾಗ, ಆ ಲೈನಿನಲ್ಲಿ ಯಾವುದಾದರೂ ಉಪಕರಣ ಆನ್ ಇದ್ದರೆ, ಸಾಕೆಟ್ಟಿನ ಎರಡೂ ತೂತುಗಳಲ್ಲಿ ಟೆಸ್ಟರ್ ಹೊತ್ತಿಕೊಂಡು ದಾರಿ ತಪ್ಪಿಸುತ್ತದೆ. ಮಲ್ಟಿಮೀಟರ್ ಕನಿಷ್ಠ, ಹೊಸ ಲೈನ್ ಎಳೆಯುವವರ ಬಳಿ ಮೆಗ್ಗರ್ (ವೈರಿನ ಹೊದಿಕೆ ಅಂದರೆ ಇನ್ಸುಲೇಷನ್ ಸರಿಯಿದೆಯೇ ಎಂದು ಅಳೆಯುವ ಮೀಟರ್) ಇರಲೇಬೇಕು. ಲೈಸೆನ್ಸ್ ಇದೆಯೇ ಎಂದು ಕೇಳಿ, ಜೊತೆಗೆ ಕೆಲಸಕ್ಕೆ ಬರುವವರು ಯಾರು ಎಂದೂ ಕೇಳಿ. ಮಾತಾಡಿದವರು ಒಬ್ಬರು, ಬಂದ ಹುಡುಗ ಇನ್ನೊಬ್ಬ ಎಂದಾಗುವುದುಂಟು.

ಹಳೆಯ ಮನೆಯಾದ್ದರಿಂದ ಗೀಸರ್‌ಗಿಂತ ಮೊದಲು ಅರ್ಥಿಂಗ್ ನೋಡಿಸಿ. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥ್ ಇದೆ ಎಂದಲ್ಲ. ಸಾಕೆಟ್ಟಿನ ಹಿಂಬದಿಯಲ್ಲಿ ಅರ್ಥ್ ಪಿನ್ನಿಗೆ ವೈರೇ ಇಲ್ಲದಿರಬಹುದು, ಅಥವಾ ಇನ್ನೂ ಕೆಟ್ಟದ್ದು, ಅದನ್ನು ಸಾಕೆಟ್ಟಿನಲ್ಲೇ ನ್ಯೂಟ್ರಲ್‌ಗೆ ಸೇರಿಸಿಬಿಟ್ಟಿರಬಹುದು. ಆ ನ್ಯೂಟ್ರಲ್ ಎಲ್ಲಾದರೂ ತುಂಡಾದರೆ ಗೀಸರಿನ ಮೈಗೇ ಕರೆಂಟ್ ಬರುತ್ತದೆ. ಮಲ್ಟಿಮೀಟರಿನಲ್ಲಿ ಫೇಸ್‌ನಿಂದ ಅರ್ಥ್‌ಗೆ 230 ತೋರಿಸಿದರೂ ನಂಬಬೇಡಿ, ಮೀಟರ್ ಎಳೆಯುವ ಕರೆಂಟ್ ಅತ್ಯಲ್ಪ, ತುಕ್ಕು ಹಿಡಿದ ಅರ್ಥ್ ಕೂಡ ಅಷ್ಟನ್ನು ಕೊಡುತ್ತದೆ. ಬಲ್ಬ್ ಜೋಡಿಸಿ ನೋಡುವ ಹಳೆಯ ಕ್ರಮ ಅಪಾಯದ್ದು, ಅರ್ಥ್ ಕೆಟ್ಟಿದ್ದರೆ ಅದಕ್ಕೆ ಸೇರಿದ ಲೋಹದ ಮೈಗಳಿಗೆಲ್ಲ ಕರೆಂಟ್ ಹತ್ತುತ್ತದೆ. ಅರ್ಥ್ ದಾರಿಯ ತಡೆಯನ್ನು ಅಳೆಯುವ ಲೂಪ್ ಟೆಸ್ಟರಿನಲ್ಲಿ ಅಳೆಯಲು ಹೇಳಿ.

ಗೀಸರ್ ಲೈನಿನ ಲೆಕ್ಕ ಸರಳ. 2000 ವ್ಯಾಟ್ ಎಂದರೆ ಸುಮಾರು 8.7 ಆಂಪಿಯರ್, 3000 ಎಂದರೆ 13. 2.5 ಚದರ ಮಿ.ಮೀ. ವೈರಿಗೆ 16ರ ಎಂಸಿಬಿ ಸಾಕು. ದೂರ ಹೆಚ್ಚಿದ್ದರೆ ಅಥವಾ ಪೈಪಿನಲ್ಲಿ ಬೇರೆ ವೈರುಗಳೂ ಇದ್ದರೆ ನಾನು 4 ಚದರ ಮಿ.ಮೀ. ವೈರನ್ನೇ ಹಾಕಿಸಿ ಎನ್ನುತ್ತೇನೆ. ಡಿಬಿಯಿಂದ ನೇರ ಲೈನ್, ನಡುವೆ ಜಾಯಿಂಟ್ ಕೂಡದು. ಅರ್ಥ್ ವೈರೂ ಅದೇ ಗಾತ್ರದ್ದು, ಲೈನ್ 30 ಮಿಲಿಆಂಪಿಯರ್ ಆರ್‌ಸಿಸಿಬಿಯ ಕೆಳಗೆ ಬರಬೇಕು, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ ಬಚ್ಚಲಿನ ಹೊರಗಿರಬೇಕು. ಹಳೆಯ ಪೈಪು ತುಂಬಿದ್ದರೆ ಅದರಲ್ಲೇ ಇನ್ನೆರಡು ವೈರು ತುರುಕಲು ಬಿಡಬೇಡಿ, ಎಳೆಯುವಾಗ ಹೊದಿಕೆ ತರಚಿ ಸೋರಿಕೆ ಶುರುವಾಗುವುದು ಹಾಗೆಯೇ.

ದರವನ್ನು ಬರೆಸಿಕೊಳ್ಳಿ. "ಪಾಯಿಂಟಿಗೆ ಇಷ್ಟು" ಎಂದರೆ ಒಂದು ಪಾಯಿಂಟಿನಲ್ಲಿ ಏನೇನು ಸೇರಿದೆ, ಸಾಮಾನು ಯಾರದ್ದು, ಗೋಡೆ ಕೊರೆದು ಮತ್ತೆ ಗಾರೆ ಮೆತ್ತುವುದು ಯಾರ ಪಾಲು ಎಂಬುದು ಚೀಟಿಯಲ್ಲಿರಲಿ. ಸಾಮಾನಿನ ಪಟ್ಟಿಯನ್ನು ಅವರಿಂದ ಪಡೆದು ನೀವೇ ಬಿಲ್ ಹಾಕಿಸಿ ತರುವುದು ಒಳ್ಳೆಯದು. ವೈರಿನ ಮೈಮೇಲೆ ಉದ್ದಕ್ಕೂ ಗಾತ್ರ ಮತ್ತು ತಯಾರಕರ ಹೆಸರು ಅಚ್ಚಾಗಿರಬೇಕು.

ಕೆಲಸ ನಡೆಯುವಾಗ ನಾನು ಎಲ್ಲಕ್ಕಿಂತ ಹೆಚ್ಚು ಗಮನ ಕೊಡುವುದು ಜೋಡಣೆಗಳಿಗೆ. ಮನೆಯ ವೈರಿಂಗ್ ಸುಟ್ಟುಹೋಗುವುದು ಬಹಳ ಸಲ ಸಡಿಲ ಸ್ಕ್ರೂವಿನಿಂದಲೇ. ಸಡಿಲವಾದ ಒಂದು ಜಾಗದಲ್ಲಿ ಅರ್ಧ ಓಂ ತಡೆ ಹುಟ್ಟಿಕೊಂಡರೂ 10 ಆಂಪಿಯರ್ ಹರಿಯುವಾಗ ಅಲ್ಲಿ 50 ವ್ಯಾಟ್ ಶಾಖ, ಪ್ಲಾಸ್ಟಿಕ್ ಸ್ವಿಚ್ಚಿನ ಹಿಂದೆ ಬೆಸುಗೆ ಕಡ್ಡಿ ಇಟ್ಟಹಾಗೆ. ದೂರದ ಡಿಬಿಯಲ್ಲಿರುವ ಎಂಸಿಬಿಗೆ ಇದು ಕಾಣಿಸುವುದೇ ಇಲ್ಲ, ಏಕೆಂದರೆ ಕರೆಂಟ್ ಹೆಚ್ಚಾಗಿಲ್ಲ. ಆದ್ದರಿಂದ ಈ ಮೂರನ್ನು ಕಣ್ಣಿಟ್ಟು ನೋಡಿ: ವೈರು ತೂತಿನಲ್ಲಿ ಹಿಡಿಯಲಿಲ್ಲವೆಂದು ಕೆಲವು ಎಳೆಗಳನ್ನು ಕತ್ತರಿಸುತ್ತಿದ್ದಾರೆಯೇ, ತಾಮ್ರದ ಬದಲು ಹೊದಿಕೆಯ ಮೇಲೆಯೇ ಸ್ಕ್ರೂ ಬಿಗಿಯುತ್ತಿದ್ದಾರೆಯೇ, ಗೋಡೆಯೊಳಗೆ ಕೈಲಿ ತಿರುಚಿ ಟೇಪು ಸುತ್ತಿ ಮುಚ್ಚುತ್ತಿದ್ದಾರೆಯೇ. ಎಳೆಗಳ ತುದಿಗೆ ಲಗ್ ಅಥವಾ ಫೆರೂಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ತುದಿ) ಒತ್ತಿ, ಬಿಗಿದ ಮೇಲೆ ಒಮ್ಮೆ ಎಳೆದು ನೋಡಬೇಕು. ಹಳೆಯ ಅಲ್ಯೂಮಿನಿಯಂ ವೈರಿಗೆ ತಾಮ್ರವನ್ನು ನೇರ ತಿರುಚಿ ಸೇರಿಸುವುದಂತೂ ಬೇಡವೇ ಬೇಡ, ಎರಡೂ ಲೋಹಗಳಿಗೆ ತಕ್ಕ ಕನೆಕ್ಟರ್ ಬೇಕು.

ಲೈಟಿನ ಸ್ವಿಚ್ಚು ಫೇಸನ್ನೇ ಕಡಿಯಬೇಕು. ನ್ಯೂಟ್ರಲ್ ಮೇಲೆ ಇಟ್ಟರೆ ಲೈಟ್ ಆರುತ್ತದೆ, ಹೋಲ್ಡರ್ ಮಾತ್ರ ಜೀವಂತವಾಗಿರುತ್ತದೆ. ಗಾರೆ ಮೆತ್ತುವ ಮುಂಚೆ ಪೈಪು ಹೋದ ದಾರಿಯನ್ನು ಅಳತೆಪಟ್ಟಿ ಹಿಡಿದು ಫೋಟೋ ತೆಗೆದಿಡಿ, ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಹಣದ ಕೊನೆಯ ಕಂತನ್ನು ಪರೀಕ್ಷೆಗಳಾದ ಮೇಲೆ ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿ. ಗೀಸರ್ ಜೋಡಿಸುವ ಮುಂಚೆ 500 ವೋಲ್ಟ್ ಮೆಗ್ಗರಿನಲ್ಲಿ ಹೊಸ ಲೈನಿನ ಇನ್ಸುಲೇಷನ್ ಅಳೆಯಬೇಕು. 1 ಮೆಗಾ ಓಂ ಎನ್ನುವುದು ಕನಿಷ್ಠ, ಹೊಸ ವೈರಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಬರಬೇಕು, ಎರಡು ಮೂರು ಬಂದರೆ ಎಲ್ಲೋ ತರಚಿದೆ ಎಂದೇ ಅರ್ಥ. ನಂತರ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿಸಿ ನೋಡಿ. ಆಮೇಲೆ ಗೀಸರನ್ನು ಅರ್ಧ ಗಂಟೆ ಓಡಿಸಿ, ಮೇನ್ ಆಫ್ ಮಾಡಿಸಿ, ಅವರ ಕೈಯಲ್ಲೇ ಸ್ವಿಚ್ಚಿನ ಮತ್ತು ಡಿಬಿಯ ಮುಚ್ಚಳ ತೆಗೆಸಿ ತುದಿಗಳು ಬಿಸಿಯಾಗಿವೆಯೇ ಎಂದು ನೋಡಿಸಿ. ಬೆಚ್ಚಗಿದ್ದರೆ ಸರಿ, ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ಆ ಜೋಡಣೆಯನ್ನು ಬಿಚ್ಚಿ ಮತ್ತೆ ಮಾಡಬೇಕು. ಹೊರಡುವ ಮುಂಚೆ ಯಾವ ಎಂಸಿಬಿ ಯಾವ ಕೋಣೆಯದ್ದು ಎಂದು ಡಿಬಿಯ ಮೇಲೆ ಅವರಿಂದಲೇ ಬರೆಸಿ, ಮೆಗ್ಗರಿನ ಅಂಕಿಯನ್ನು ಬಿಲ್ಲಿನ ಹಿಂಭಾಗದಲ್ಲಿ ತಾರೀಖು ಸಹಿತ ಹಾಕಿಸಿಕೊಳ್ಳಿ.