ಕೊಡಗಿನಿಂದ ಮೊದಲ ಸಲ ಮನೆಮಂದಿಯೆಲ್ಲ ಸಮುದ್ರಕ್ಕೆ ಹೊರಟಿದ್ದೇವೆ, ಜನಜಂಗುಳಿ ಇಲ್ಲದ ಬೀಚ್ ಯಾವುದು?

ಗೋಣಿಕೊಪ್ಪದಿಂದ ಏಪ್ರಿಲ್ ರಜೆಗೆ ಮೂರು ದಿನ, ಐದು ಜನ, ಜೊತೆಗೆ ಮಂಡಿನೋವಿನ ಅತ್ತೆ, ಮಕ್ಕಳಿಬ್ಬರಿಗೂ ಇದೇ ಮೊದಲ ಸಮುದ್ರ, ‘ನಮ್ಮನ್ನು ಬಿಟ್ಟರೆ ಅಲ್ಲಿ ಯಾರೂ ಇರಬಾರದು’ ಎಂದು ಬರೆದಿದ್ದೀರಿ. ಆರು ವರ್ಷದ ಹಿಂದೆ ಫೋನಿನಲ್ಲಿ ನಾನೂ ಇದೇ ಮಾತು ಹೇಳಿ ರೂಮು ಹಿಡಿದಿದ್ದೆ. ಕೇಳಿದಂಥದ್ದೇ ಜಾಗ ಸಿಕ್ಕಿತು. ಕೇರಳದ ತಲಶ್ಶೇರಿ ಕಡೆಯ ಒಂದು ಪುಟ್ಟ ಮರಳ ದಂಡೆ, ಎರಡು ಬದಿಗೂ ಕಪ್ಪು ಬಂಡೆ, ಹಿಂದೆ ತೆಂಗಿನ ತೋಟ. ಅಂಗಡಿಯಿಲ್ಲ, ಬಾವುಟವಿಲ್ಲ, ಜೀವರಕ್ಷಕರೂ ಇಲ್ಲ. ಹನ್ನೊಂದು ವರ್ಷದ ಮಗಳನ್ನು ಅಲ್ಲಿ ನನ್ನ ಕಣ್ಣೆದುರೇ ನೀರು ಎಳೆದುಕೊಂಡು ಹೋಯಿತು. ಬದುಕಿ ಬಂದಳು. ನಾನು ಮಾಡಿದ ತಪ್ಪು ನಿಮಗೂ ಮಾಡುವುದು ಬಹಳ ಸುಲಭ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ದಂಡೆಯುದ್ದಕ್ಕೂ ಅಲೆ ಬಿಳಿ ನೊರೆಯಾಗಿ ಒಡೆಯುತ್ತಿತ್ತು. ನಡುವೆ ಒಂದು ಕಡೆ ಮಾತ್ರ, ಹದಿನೈದು ಮೀಟರ್ ಅಗಲಕ್ಕೆ, ಅಲೆ ಒಡೆಯುತ್ತಿರಲಿಲ್ಲ. ನೀರು ಸ್ವಲ್ಪ ಕಪ್ಪಾಗಿ, ಕೆರೆಯ ಹಾಗೆ ಸುಮ್ಮನಿತ್ತು. ಮಕ್ಕಳಿಗೆ ಆ ಜಾಗವೇ ಒಳ್ಳೆಯದೆಂದು ನಾನೇ ಕೈಹಿಡಿದು ಕರೆದುಕೊಂಡು ಹೋದೆ. ಇಡೀ ದಂಡೆಯಲ್ಲಿ ಮಕ್ಕಳನ್ನು ಇಳಿಸಬಾರದಿದ್ದ ಜಾಗ ಅದೊಂದೇ.

ದಡದಿಂದ ಒಂದಷ್ಟು ದೂರದಲ್ಲಿ, ನೀರಿನಡಿ, ಮರಳಿನ ದಿಬ್ಬ ಇರುತ್ತದೆ. ಅಲ್ಲಿ ಆಳ ಕಡಿಮೆಯಾದ್ದರಿಂದ ಅಲೆ ಅದರ ಮೇಲೆ ಬಂದು ಒಡೆಯುತ್ತದೆ. ಒಡೆದ ಅಲೆಯ ನೀರು ದಿಬ್ಬಕ್ಕೂ ದಡಕ್ಕೂ ನಡುವೆ ತುಂಬಿಕೊಳ್ಳುತ್ತದೆ, ತುಂಬಿದ್ದು ವಾಪಸ್ ಹೋಗಲೇಬೇಕು. ಗದ್ದೆಯ ಬದುವಿನಲ್ಲಿ ಒಂದು ಕಡೆ ಕಂಡಿ ತೆಗೆದರೆ ಇಡೀ ಗದ್ದೆಯ ನೀರು ಆ ಕಂಡಿಗೇ ನುಗ್ಗುವುದನ್ನು ನೋಡಿದ್ದೀರಲ್ಲ, ಇದೂ ಹಾಗೆಯೇ. ದಿಬ್ಬ ಕಡಿದಿರುವಲ್ಲಿ ಆಳ ಹೆಚ್ಚು, ಆದ್ದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ನೋಡಿದವರಿಗೆ ಶಾಂತವಾಗಿ ಕಾಣುತ್ತದೆ. ಅಕ್ಕಪಕ್ಕದ ನೀರೆಲ್ಲ ಅಲ್ಲಿಂದಲೇ ಕಡಲಿಗೆ ಹರಿಯುತ್ತಿರುತ್ತದೆ. ರಿಪ್ ಕರೆಂಟ್ ಅಂದರೆ ಇದೇ. ಜೋರಾದಾಗ ಅದರ ವೇಗ ಸೆಕೆಂಡಿಗೆ ಎರಡು ಮೀಟರ್ ದಾಟುತ್ತದೆ, ಪಳಗಿದ ಈಜುಗಾರನೂ ಅದಕ್ಕೆ ಎದುರಾಗಿ ಈಜಲಾರ. ಹೊಳೆಯಲ್ಲಿ ಸದ್ದಿಲ್ಲದ ನೀರೆಂದರೆ ಮಡು ಎಂದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಸಮುದ್ರದ ಎದುರು ನಿಂತಾಗ ಅದು ನನಗೆ ಹೊಳೆಯಲಿಲ್ಲ.

ನೀರಿಗಿಳಿಯುವ ಮೊದಲು ನಾನು ಐದು ನಿಮಿಷ ನೋಡಿದ್ದೆ. ಅದು ಸಾಲಲಿಲ್ಲ. ದೂರದಿಂದ ಬರುವ ದೊಡ್ಡ ಅಲೆಗಳು ಒಂದೇ ಸಮ ಬರುವುದಿಲ್ಲ. ಹತ್ತು ಹದಿನೈದು ನಿಮಿಷ ಸಣ್ಣವು ಬಂದು, ಆಮೇಲೆ ನಾಲ್ಕೈದು ದೊಡ್ಡವು ಒಟ್ಟಿಗೆ ಬರುತ್ತವೆ. ಅಷ್ಟೂ ನೀರು ಒಮ್ಮೆಲೇ ವಾಪಸಾಗುವಾಗ ಕಂಡಿಯ ಸೆಳೆತ ಇದ್ದಕ್ಕಿದ್ದಂತೆ ಏರುತ್ತದೆ. ಸೊಂಟದ ನೀರಿನಲ್ಲಿದ್ದ ಮಗಳ ಕಾಲಡಿಯ ಮರಳು ಜಾರಿತು. ನಾನು ತಿರುಗುವಷ್ಟರಲ್ಲಿ ಇಪ್ಪತ್ತು ಮೀಟರ್ ಆಚೆ ಇದ್ದಳು. ಕೈಯಲ್ಲಿ ಏನೂ ಇಲ್ಲದೆ ಹಾರಿದೆ. ಅದೂ ತಪ್ಪೇ, ಮುಳುಗುವವರ ಸಂಖ್ಯೆ ಒಂದರಿಂದ ಎರಡಾಗುವುದು ಹೀಗೆಯೇ. ಬಂಡೆಗೆ ಅಂಟಿದ ಕಲ್ಲುಮ್ಮಕಾಯಿ ಎಂಬ ಚಿಪ್ಪುಮೀನು ಕೀಳುತ್ತಿದ್ದ ಒಬ್ಬರು ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆದು, ದಡದ ಕಡೆಗಲ್ಲ, ಅಡ್ಡಕ್ಕೆ, ಅಡ್ಡಕ್ಕೆ ಎಂದು ಕೈ ಬೀಸುತ್ತಲೇ ಇದ್ದರು. ಕ್ಯಾನ್ ಅಪ್ಪಿಕೊಂಡು ಅಡ್ಡಕ್ಕೆ ಕಾಲು ಬಡಿದೆವು. ಎಪ್ಪತ್ತು ಮೀಟರ್ ದೂರದಲ್ಲಿ, ನೊರೆ ಇದ್ದ ಕಡೆ, ಅಲೆಗಳೇ ನಮ್ಮನ್ನು ದಡಕ್ಕೆ ತಳ್ಳಿದವು.

ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಿ: ಈ ಸೆಳೆತ ಆಚೆಗೆ ಒಯ್ಯುತ್ತದೆ, ಕೆಳಕ್ಕೆ ಎಳೆಯುವುದಿಲ್ಲ. ದಡದ ಕಡೆ ಈಜಿ ಸುಸ್ತಾದವರು ಮುಳುಗುತ್ತಾರೆ. ಅಂಗಾತ ತೇಲುತ್ತ ಒಂದು ಕೈ ಎತ್ತಬೇಕು. ಈಜಲು ಬಂದರೆ ದಡಕ್ಕೆ ಸಮಾನಾಂತರವಾಗಿ ಈಜಿ, ನೊರೆ ಕಂಡ ಕಡೆಯಿಂದ ಒಳಗೆ ಬರಬೇಕು. ಅಲೆ ಒಡೆಯುವ ಸಾಲು ದಾಟಿದ ಮೇಲೆ ಸೆಳೆತ ತಾನಾಗಿ ಸಡಿಲವಾಗುತ್ತದೆ. ದಡದಲ್ಲಿರುವವರು ತೇಲುವಂಥದ್ದು ಏನಾದರೂ ಎಸೆಯಬೇಕು, ಬರಿಗೈಯಲ್ಲಿ ಇಳಿಯಬಾರದು. ತುರ್ತಿಗೆ 112, ಕೋಸ್ಟ್ ಗಾರ್ಡಿಗೆ 1554. ಕಂಡಿ ಗುರುತಿಸಲು ಸ್ವಲ್ಪ ಎತ್ತರದಲ್ಲಿ ನಿಂತು ಇಪ್ಪತ್ತು ನಿಮಿಷ ನೋಡಿ. ಅಲೆಯ ಸಾಲಿನಲ್ಲಿ ಮುರಿದ ಜಾಗ, ಕದಡಿದ ಮರಳಿನ ಬಣ್ಣ, ದಡದಿಂದ ಆಚೆಗೆ ಹೋಗುತ್ತಿರುವ ನೊರೆ, ಇವು ಕಂಡರೆ ಅಲ್ಲಿ ಪಾದ ಮುಳುಗುವಷ್ಟಕ್ಕೂ ಇಳಿಯಬೇಡಿ. ಬಂಡೆಯ ಪಕ್ಕದಲ್ಲೂ ಇದೇ ಸೆಳೆತ ಇರುತ್ತದೆ, ಅದು ದಿನವೂ ಜಾಗ ಬದಲಿಸುವುದಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಉಳಿಯಲು ಜನವಿಲ್ಲದ ಜಾಗ ಹುಡುಕಿ, ನೀರಿಗಿಳಿಯಲು ಜೀವರಕ್ಷಕರಿರುವ ಬೀಚಿಗೇ ಹೋಗಿ. ನಾವು ಉಳಿದ ಆ ದಂಡೆಯಿಂದ ಕಾರಿನಲ್ಲಿ ಸ್ವಲ್ಪ ದೂರ ಹೋಗಿದ್ದರೆ ಮುಳಪ್ಪಿಲಂಗಾಡ್ ಇತ್ತು. ತಲಶ್ಶೇರಿಗೂ ಕಣ್ಣೂರಿಗೂ ನಡುವೆ, ನಾಲ್ಕು ಕಿಲೋಮೀಟರ್ ಉದ್ದದ, ಕಾರು ಓಡಿಸುವಷ್ಟು ಗಟ್ಟಿ ಮರಳಿನ ದಂಡೆ. ಮುಂದಿರುವ ಕಪ್ಪು ಬಂಡೆಗಳು ಅಲೆಯ ಹೊಡೆತ ತಡೆಯುತ್ತವೆ, ದೂರದವರೆಗೆ ಆಳವೂ ಕಡಿಮೆ. ಜನ ಇರುತ್ತಾರೆಂದು ನಾನೇ ಬೇಡವೆಂದಿದ್ದೆ. ನಿಮಗೆ ನಾನು ಹೇಳುವುದು ಅದನ್ನೇ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ, ಬರೀ ಕೆಂಪು ಇದ್ದರೆ ಆ ದಿನ ಇಳಿಯಬೇಡಿ. ಕಾವಲು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂದು ಅವರನ್ನೇ ಕೇಳಿಕೊಳ್ಳಿ. ಮಂಗಳವಾರದಿಂದ ಗುರುವಾರದೊಳಗೆ, ಬೆಳಿಗ್ಗೆ ಆರೂವರೆಗೆ ಹೋದರೆ ಆ ಉದ್ದದ ದಂಡೆಯಲ್ಲಿ ನೀವು ಬಯಸುವ ಶಾಂತಿ ಸಿಗುತ್ತದೆ. ಅದು ನಡೆದಾಡುವ ಹೊತ್ತು, ನೀರಾಟ ಕಾವಲಿನವರು ಬಂದ ಮೇಲೆ. ಕಾರು ದಂಡೆಗೆ ಇಳಿಸುವ ಆಸೆ ಈ ಸಲಕ್ಕೆ ಬಿಡಿ. ಉಬ್ಬರದ ಲೆಕ್ಕ ತಪ್ಪಿದರೆ ಗಾಲಿ ಹೂತುಹೋಗುತ್ತದೆ, ಉಪ್ಪು ನೀರು ತಗುಲಿದರೆ ಅಡಿಭಾಗವನ್ನು ಅದೇ ದಿನ ಸಿಹಿನೀರಲ್ಲಿ ತೊಳೆಸಬೇಕು.

ಮಂಗಳೂರು ಕಡೆಯೇ ಆಗಬೇಕೆಂದರೆ ಪಡುಬಿದ್ರಿ. ಹೊನ್ನಾವರದ ಕಾಸರಕೋಡಿನೊಂದಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕ ಬೀಚ್ ಅದು. ನೀರಿನ ಶುದ್ಧತೆ, ಸುರಕ್ಷತೆ, ಶುಚಿಯಾದ ಶೌಚಾಲಯ ಇವನ್ನೆಲ್ಲ ನೋಡಿ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಅದು. ಆದರೆ ಗೋಣಿಕೊಪ್ಪದಿಂದ ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ದಾಟಿ ಅಲ್ಲಿಗೆ ಆರು ಗಂಟೆ ಬೇಕು. ಗೋಕರ್ಣಕ್ಕೆ ಹೋಗಿ ಎಂದು ಕೆಳಗೆ ಒಬ್ಬರು ಸಲಹೆ ಬರೆದಿದ್ದಾರೆ, ಆದರೆ ಮೂರು ದಿನದ ಪ್ರವಾಸದಲ್ಲಿ ಎರಡು ದಿನ ಕಾರಿನಲ್ಲೇ ಕಳೆಯುತ್ತದೆ, ಅತ್ತೆಯವರ ಮಂಡಿಗೆ ಅದು ಬೇಡ.

ಏಪ್ರಿಲ್ ವಿಷಯ. ಅರೇಬಿಕಾ, ರೋಬಸ್ಟಾ ಎರಡೂ ಕಾಫಿಯ ಕೊಯ್ಲು ಮುಗಿದು, ಕಾಫಿ ಗಿಡ ಹೂ ಬಿಡಿಸುವ ಹೂಮಳೆಯೂ ಬಂದು, ಮಕ್ಕಳ ಪರೀಕ್ಷೆಯೂ ಕಳೆದಿರುತ್ತದೆ, ನಮಗೆ ಬಿಡುವಾಗುವುದೇ ಆಗ. ಆದರೆ ಮಲಯಾಳದಲ್ಲಿ ‘ಕಳ್ಳಕ್ಕಡಲ್’ ಎನ್ನುವುದು ಬರುವುದೂ ಹೆಚ್ಚಾಗಿ ಏಪ್ರಿಲ್-ಮೇನಲ್ಲೇ. ಸಾವಿರಾರು ಕಿಲೋಮೀಟರ್ ದಕ್ಷಿಣದ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ ನಮ್ಮ ಕರಾವಳಿಗೆ ತಲುಪುತ್ತವೆ. ಇಲ್ಲಿ ಗಾಳಿಯಿರುವುದಿಲ್ಲ, ಮೋಡವಿರುವುದಿಲ್ಲ. ಕಳ್ಳನ ಹಾಗೆ ಸುಳಿವಿಲ್ಲದೆ ಬರುವುದರಿಂದ ಆ ಹೆಸರು. 2024ರ ಮಾರ್ಚ್ 31ರಂದು ಕೇರಳದ ಹಲವೆಡೆ ಹೀಗೆಯೇ ಕಡಲು ಮನೆಗಳಿಗೆ ನುಗ್ಗಿತ್ತು. ನಾವು ಹೋಗಿದ್ದೂ ಏಪ್ರಿಲ್ ಕೊನೆಯಲ್ಲಿ, ಆಕಾಶ ನಿಚ್ಚಳವಾಗಿತ್ತು, ಮಳೆಯ ಮುನ್ಸೂಚನೆ ಮಾತ್ರ ನೋಡಿದ್ದೆ. ನೋಡಬೇಕಾದದ್ದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಅಲೆಗಳ ಎಚ್ಚರಿಕೆ. ಅವರ ‘ಸಮುದ್ರ’ ಆ್ಯಪ್‌ನಲ್ಲೂ ಸಿಗುತ್ತದೆ. ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ನೋಡಿ. ಕಣ್ಣೂರು ಜಿಲ್ಲೆಗೆ ಎಚ್ಚರಿಕೆ ಇದ್ದರೆ ನೀರಿನ ಆಟ ರದ್ದು, ತಲಶ್ಶೇರಿ ಕೋಟೆ ನೋಡಿ ಬನ್ನಿ.

ನನ್ನನ್ನು ಕೇಳಿದರೆ ತುಲಾ ಸಂಕ್ರಮಣ ಕಳೆದು ನಮ್ಮ ಸುಗ್ಗಿ ಹಬ್ಬ ಪುತ್ತರಿ ಬರುವುದರೊಳಗೆ, ದೀಪಾವಳಿ ರಜೆಯ ಹೊತ್ತಿಗೆ ಹೋಗಿ. ಮುಂಗಾರಿನ ಅಬ್ಬರ ಇಳಿದಿರುತ್ತದೆ, ಸೆಕೆ ಕಡಿಮೆ, ಕೊಯ್ಲಿನ ಭರಾಟೆ ಇನ್ನೂ ಶುರುವಾಗಿರುವುದಿಲ್ಲ. ಸಂಜೆ ಗುಡುಗು ಬಂದರೆ ಮಾತ್ರ ತಕ್ಷಣ ದಂಡೆ ಬಿಡಬೇಕು. ಏಪ್ರಿಲ್ಲೇ ಎಂದಾದರೆ ವಿಷುವಿನ ವಾರ ತಪ್ಪಿಸಿ. ಆಗ ಕೇರಳದ ಶಾಲೆಗಳಿಗೂ ರಜೆ, ರೂಮು ಸಿಗುವುದಿಲ್ಲ.

ದಾರಿ ಸುಲಭ. ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ, ಕೂಟುಪುಳ ಸೇತುವೆ, ಇರಿಟ್ಟಿ, ಅಲ್ಲಿಂದ ತಲಶ್ಶೇರಿ. ಒಟ್ಟು ಸುಮಾರು 100 ಕಿಲೋಮೀಟರ್, ಮೂರು ಗಂಟೆ ಇಟ್ಟುಕೊಳ್ಳಿ. ಮಾಕುಟ್ಟದ ಕಾಡನ್ನು ಹೋಗುವಾಗಲೂ ಬರುವಾಗಲೂ ಬೆಳಕಿರುವಾಗಲೇ ದಾಟಿ, ಕತ್ತಲಾದ ಮೇಲೆ ಆನೆ ರಸ್ತೆಗೆ ಬರುತ್ತದೆ. ಇಳಿಜಾರಿನಲ್ಲಿ ಎರಡನೇ ಗೇರ್. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಮಕ್ಕಳಿಗೆ ತಿರುವಿನಲ್ಲಿ ವಾಂತಿ ಬರುವುದಿದ್ದರೆ ಹೊರಡುವಾಗ ಹೊಟ್ಟೆ ತುಂಬಾ ತಿನ್ನಿಸಬೇಡಿ, ಎರಡು ಕಡುಬು ಸಾಕು, ಉಳಿದದ್ದು ಇರಿಟ್ಟಿಯಲ್ಲಿ ತಿನ್ನಲಿ. ಮೊಬೈಲ್ ಕೊಡಬೇಡಿ, ದೂರ ನೋಡುತ್ತಾ ಕೂರಲಿ. ನಮ್ಮ ಚಳಿಯಿಂದ ಇಳಿದವರಿಗೆ ಅಲ್ಲಿನ ಸೆಕೆ ಮೊದಲ ದಿನವೇ ಸುಸ್ತು ಮಾಡುತ್ತದೆ. ಬಾಯಾರುವ ಮೊದಲೇ ನೀರು ಕುಡಿಸಿ, ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಹನ್ನೊಂದರಿಂದ ಮೂರೂವರೆವರೆಗೆ ಯಾರೂ ಬಿಸಿಲಿಗೆ ಇಳಿಯಬೇಡಿ.

ರೂಮು ಹಿಡಿಯುವಾಗ ‘ಸಮುದ್ರಕ್ಕೆ ಎದುರು’ ಎಂಬ ಮಾತು ನಂಬಬೇಡಿ. ಎಷ್ಟೋ ಕಡೆ ಕಡಲ್ಕೊರೆತ ತಡೆಯಲು ಕಲ್ಲಿನ ಗೋಡೆ ಹಾಕಿರುತ್ತಾರೆ. ಸಮುದ್ರ ಕಾಣುತ್ತದೆ, ಮರಳು ಇರುವುದಿಲ್ಲ, ವಯಸ್ಸಾದವರು ಆ ಕಲ್ಲು ಇಳಿಯಲಾರರು. ಗೇಟಿನಿಂದ ನೀರಿನವರೆಗೆ ನಡೆಯುತ್ತಾ ತೆಗೆದ ವಿಡಿಯೋ ಕಳಿಸಲು ಹೇಳಿ. ಹೊರಗೆ ಕಾಲು ತೊಳೆಯುವ ನಲ್ಲಿ ಇದೆಯೇ, ಬಾವಿನೀರು ಉಪ್ಪೇ, ಕರೆಂಟು ಹೋದರೆ ಫ್ಯಾನ್ ತಿರುಗುತ್ತದೆಯೇ, ಇಷ್ಟು ಕೇಳಿ. ನೆಲಮಹಡಿಯ ರೂಮು ತೆಗೆದುಕೊಳ್ಳಿ.

ಗಾಳಿ ತುಂಬುವ ರಬ್ಬರ್ ಟ್ಯೂಬ್ ಕೊಳ್ಳಬೇಡಿ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿನ ಕಡೆ ಬೀಸುತ್ತದೆ, ಮಗುವನ್ನು ಕೂರಿಸಿದ ಟ್ಯೂಬನ್ನು ಸದ್ದಿಲ್ಲದೆ ಆಚೆ ಒಯ್ಯುತ್ತದೆ. ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ಮಕ್ಕಳ ತೂಕಕ್ಕೆ ಸರಿಯಾದ, ಕಾಲುಗಳ ನಡುವೆ ಪಟ್ಟಿ ಇರುವ ಲೈಫ್ ಜಾಕೆಟ್ ಕೊಳ್ಳಿ. ತೊಡಿಸಿ ಭುಜದ ಪಟ್ಟಿ ಹಿಡಿದು ಮೇಲೆತ್ತಿದಾಗ ಜಾಕೆಟ್ ಕಿವಿಯವರೆಗೆ ಜಾರಿದರೆ ಅದು ದೊಡ್ಡದಾಯಿತು. ಜಾಕೆಟ್ ಇದ್ದರೂ ನೀರು ಮೊಣಕಾಲು ದಾಟಬಾರದು, ದೊಡ್ಡವರೊಬ್ಬರು ಮಗುವಿಗೂ ಕಡಲಿಗೂ ನಡುವೆ ನಿಂತಿರಬೇಕು. ನಾನು ಮಗಳ ಹಿಂದೆ, ದಡದ ಕಡೆ ನಿಂತಿದ್ದೆ. ಫೋಟೋ ತೆಗೆಯುವ ಕೆಲಸ ನೀರಿನಲ್ಲಿ ನಿಂತವರಿಗೆ ಕೊಡಬೇಡಿ.

ಉಬ್ಬರ-ಇಳಿತದ ಹೊತ್ತನ್ನೂ ಬರೆದಿಟ್ಟುಕೊಳ್ಳಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ತಲಶ್ಶೇರಿ ಹತ್ತಿರದ ಧರ್ಮಡಂ ದ್ವೀಪಕ್ಕೆ ಇಳಿತದಲ್ಲಿ ನಡೆದು ಹೋಗಬಹುದು ಎಂದು ಯಾರಾದರೂ ಹೇಳುತ್ತಾರೆ. ನಿಜ, ಆದರೆ ನೀರು ಏರಿದ ಮೇಲೆ ಆ ದಾರಿ ಮುಳುಗುತ್ತದೆ, ಮಕ್ಕಳಿದ್ದಾಗ ಬೇಡ. ಇಳಿತದಿಂದ ಅತ್ತೆಯವರಿಗೆ ಅನುಕೂಲವಿದೆ. ನೀರು ಸರಿದ ಮೇಲೆ ಉಳಿಯುವ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಕಾಲು ಹೂಳುವುದಿಲ್ಲ. ನಮ್ಮ ಅವ್ವ ಒಣ ಮರಳಿನಲ್ಲಿ ಹತ್ತು ಹೆಜ್ಜೆಗೇ ಕೂತವರು, ಆ ಒದ್ದೆ ಮರಳಲ್ಲಿ ಅರ್ಧ ಗಂಟೆ ನಡೆದರು. ಹೊರಡುವ ದಿನಾಂಕ ನಿಗದಿಯಾದ ಮೇಲೆ ಇಲ್ಲೇ ಕೆಳಗೆ ತಿಳಿಸಿ, ಆ ಮೂರು ದಿನ ಬೆಳಗಿನ ಇಳಿತ ಎಷ್ಟು ಗಂಟೆಗೆ ಎಂದು ನೋಡಿ ಬರೆಯುತ್ತೇನೆ.